ಅರ್ಧಕ್ಕೆ ನಿಲ್ಲುವ ಹಾಡು

ಹೆಂಡತಿ ಹಾಡಿದರೆ ಖುಷಿಪಡುವ ಗಂಡಸರೂ ಲೋಕದಲ್ಲಿದ್ದಾರೆ. ಬಂಟ್ವಾಳದ ಅಬ್ದುಲ್ ನಾಸಿರ್ ಆ ಪೈಕಿ ಅಲ್ಲ. ಹಾಗಂತ ಅವನನ್ನು ಕೆಟ್ಟವನೆಂದು ತೀರ್ಮಾನಿಸಬೇಡಿ. ಪ್ರಾಯದ ಒಳ್ಳೆಯ ಭಾಗವನ್ನೆಲ್ಲ ಸೌದಿಯ ದಮಾಮಿನಲ್ಲಿ ಒಂದು ಕಿರಾಣಿ ಅಂಗಡಿಯ ಗಲ್ಲೆಯ ಹಿಂದೆ ಕಳೆದು, ಮಗಳನ್ನು ಓದಿಸಿ, ಜಕ್ರಿಬೆಟ್ಟಿನಲ್ಲಿ ಮನೆ ಕಟ್ಟಿಸಿ, ಈಗ ಬಿ.ಸಿ. ರೋಡಿನಲ್ಲಿ ಚಪ್ಪಲಿ ಅಂಗಡಿ ಇಟ್ಟುಕೊಂಡು ಮರ್ಯಾದೆಯಿಂದ ಬದುಕುತ್ತಿರುವ ಮನುಷ್ಯ. ಅವನಿಗಾದ ತೊಂದರೆ ಒಂದೇ. ಊರಿಗೆ ಮರಳಿದ ಮೇಲೆ ಅವನಿಗೆ ಹೆಂಡತಿಯ ಮೇಲೆ ಪ್ರೀತಿ ಹುಟ್ಟಿಬಿಟ್ಟಿತು. ಅದೂ ಮಗಳು ಕಾಲೇಜು ಸೇರಿದ ಮೇಲೆ, ತಲೆಯ ಮುಂಭಾಗ ಬಯಲಾದ ಮೇಲೆ. ತಡವಾಗಿ ಬರುವ ಪ್ರೀತಿ ಒಂಟಿಯಾಗಿ ಬರುವುದಿಲ್ಲ, ಹೊಟ್ಟೆಕಿಚ್ಚನ್ನೂ ಬಗಲಲ್ಲಿ ಕಟ್ಟಿಕೊಂಡೇ ಬರುತ್ತದೆ.

ಅವನ ಹೆಂಡತಿ ನುಸ್ರತ್ ಒಂದು ತಮಿಳು ಸಿನಿಮಾ ಹಾಡು ಗುನುಗುತ್ತಿದ್ದಳು. ಬಂಗುಡೆ ಮೀನು ಕೊಯ್ಯುವಾಗ, ಒಣಗಿದ ಬಟ್ಟೆ ಮಡಚುವಾಗ, ಬೆಳಿಗ್ಗೆ ರೊಟ್ಟಿ ತಟ್ಟುವಾಗ, ಯಾವಾಗಲೂ ಅದೊಂದೇ ಹಾಡು. ಬೇರೆ ಹಾಡು ಅವಳ ಬಾಯಿಂದ ಯಾರೂ ಕೇಳಿದ್ದಿಲ್ಲ. ಅದಕ್ಕಿಂತ ವಿಚಿತ್ರವೆಂದರೆ ಆ ಹಾಡು ಎಂದೂ ಮುಗಿಯುತ್ತಿರಲಿಲ್ಲ. ಸರಾಗವಾಗಿ ಹೋಗುತ್ತಾ ಹೋಗುತ್ತಾ ಒಂದು ಸಾಲಿನ ನಡುವೆ, ಇನ್ನೇನು ರಾಗ ಮೇಲಕ್ಕೇರಬೇಕು ಎನ್ನುವಲ್ಲಿ, ಕತ್ತರಿಸಿದ ಹಾಗೆ ನಿಂತುಬಿಡುತ್ತಿತ್ತು. ಪ್ರತಿಸಲವೂ ಅಲ್ಲಿಗೇ. ಆಮೇಲೆ ಸ್ವಲ್ಪ ಹೊತ್ತು ಮೌನ. ಆಮೇಲೆ ಮತ್ತೆ ಮೊದಲಿನಿಂದ.

ಮೊದಮೊದಲು ನಾಸಿರ್ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ದಿನ ಅಂಗಡಿಯಲ್ಲಿ ಗಿರಾಕಿಯ ಕಾಲಿಗೆ ಚಪ್ಪಲಿ ತೊಡಿಸುತ್ತಿದ್ದಾಗ ತಲೆಯಲ್ಲಿ ಪ್ರಶ್ನೆ ಎದ್ದಿತು. ತಮಿಳು ಎಲ್ಲಿಂದ ಬಂತು? ಮನೆಯಲ್ಲಿ ಆಡುವುದು ಬ್ಯಾರಿ, ಪೇಟೆಯಲ್ಲಿ ತುಳು, ಮಗಳ ಟೀಚರ ಹತ್ತಿರ ಕನ್ನಡ. ನುಸ್ರತ್ ತಮಿಳು ಸಿನಿಮಾ ನೋಡಿದವಳಲ್ಲ. ಟಾಕೀಸಿನ ಬಾಗಿಲು ತುಳಿದವಳೂ ಅಲ್ಲ. ಇವಳಿಗೆ ಈ ಹಾಡನ್ನು ಕಲಿಸಿದವರು ಯಾರು? ಕಲಿಸಿದವನು, ಎಂದು ನಾಸಿರನ ಮನಸ್ಸು ಕೂಡಲೇ ತಿದ್ದಿಕೊಂಡಿತು. ಯಾಕೆಂದರೆ ಅದು ಗಂಡು ಹಾಡುವ ಹಾಡು. ಅಷ್ಟು ಅವನಿಗೂ ತಿಳಿಯುತ್ತಿತ್ತು.

ಅನುಮಾನದ ಹುಳ ಒಮ್ಮೆ ಒಳಗೆ ಹೊಕ್ಕರೆ ಅದಕ್ಕೆ ಮೇವಿಗೇನೂ ಬರಗಾಲವಿಲ್ಲ. ನಾಸಿರ್ ಗಮನಿಸತೊಡಗಿದ. ಅವಳು ಹಾಡುತ್ತಿದ್ದದ್ದು ಅವನು ಮನೆಯಲ್ಲಿರುವಾಗಲೇ ಹೆಚ್ಚು. ಹಾಡುತ್ತಾ ಓರೆಗಣ್ಣಿನಲ್ಲಿ ಅವನ ಕಡೆ ನೋಡುವುದೂ ಉಂಟು. ಕಳ್ಳರು ಹಾಗೆಯೇ ನೋಡುವುದು ಎಂದು ನಾಸಿರನ ತೀರ್ಮಾನ. ಅವನು ಮುಖ ಗಂಟಿಕ್ಕಿಕೊಂಡರೆ ಅವಳ ಹಾಡು ನಿಲ್ಲುತ್ತಿತ್ತು, ಪಾತ್ರೆಗಳ ಸದ್ದು ಜೋರಾಗುತ್ತಿತ್ತು. ಒಂದು ಸಲ, ಏನೂ ಅಲ್ಲವೆಂಬಂತೆ, ಅದು ಯಾವ ಹಾಡು ಎಂದು ಕೇಳಿಯೇಬಿಟ್ಟ. ಅವಳು ನಕ್ಕು, “ನಿಮಗೆ ಗೊತ್ತಿಲ್ಲದ್ದಾ?” ಎಂದು ಸೆರಗಿನಲ್ಲಿ ಕೈ ಒರೆಸಿಕೊಂಡು ಒಳಗೆ ಹೋದಳು. ಆ ನಗು ನಾಸಿರನಿಗೆ ಗಾಯಕ್ಕೆ ಮೆಣಸಿನಪುಡಿ ಉದುರಿಸಿದಂತಾಯಿತು. ಗೊತ್ತಿಲ್ಲದ್ದಾ ಅಂತೆ! ಊರಿಗೆಲ್ಲ ಗೊತ್ತುಂಟು, ನನಗೊಬ್ಬನಿಗೆ ಗೊತ್ತಿಲ್ಲ ಎಂದು ಅವನು ಅದನ್ನು ಅರ್ಥಮಾಡಿಕೊಂಡ.

ಉಮ್ಮನ ಬಾಯಿ ಬಿಡಿಸಲು ನೋಡಿದ. ಉಮ್ಮ ಖತೀಜಮ್ಮನಿಗೆ ಸೊಸೆಯ ಮೇಲೆ ದೂರು ಹೇಳುವ ಅಭ್ಯಾಸವಿಲ್ಲ. ಅದು ಆ ಮನೆಯ ಪುಣ್ಯ, ನಾಸಿರನ ಪಾಲಿಗೆ ದೌರ್ಭಾಗ್ಯ. ನಾನಿಲ್ಲದಾಗ ತಮಿಳು ಜನ ಯಾರಾದರೂ ಮನೆಗೆ ಬರುತ್ತಿದ್ದರೇ ಎಂದು ಸುತ್ತಿ ಬಳಸಿ ಕೇಳಿದ್ದಕ್ಕೆ ಮುದುಕಿ ವೀಳ್ಯದೆಲೆಯ ತೊಟ್ಟು ಮುರಿಯುತ್ತಾ, ಮನೆ ಕಟ್ಟುವಾಗ ಬೋರು ಕೊರೆಯುವವರು ಬಂದಿದ್ದರಲ್ಲ, ಅವರೆಲ್ಲ ತಮಿಳರೇ, ಒಳ್ಳೆಯ ಜನ, ನುಸ್ರತ್ ಅವರಿಗೆ ಚಾ, ಅವಲಕ್ಕಿ ಎಲ್ಲ ಮಾಡಿಕೊಟ್ಟಿದ್ದಾಳೆ ಎಂದಳು.

ಇಷ್ಟು ಸಾಕಾಯಿತು. ನಮ್ಮ ಕಡೆ ಎಲ್ಲಿ ಬೋರು ಕೊರೆದರೂ ಬರುವ ಲಾರಿಗಳು ತಮಿಳುನಾಡಿನವು. ಆ ಲಾರಿಯಲ್ಲಿ ಹಗಲೆಲ್ಲ ತಮಿಳು ಹಾಡು ಗಟ್ಟಿಯಾಗಿ ಹಾಡುತ್ತಿರುತ್ತದೆ, ಕೊರೆಯುವ ಸದ್ದಿಗಿಂತಲೂ ಒಂದು ಕೈ ಮೇಲೆ. ತಾನು ದಮಾಮಿನಲ್ಲಿ ಬೆವರು ಸುರಿಸಿ ಕಳಿಸಿದ್ದರಲ್ಲಿ ಕೊರೆದ ಬೋರು. ಆ ಬೋರಿನ ಪಕ್ಕದಲ್ಲಿ ನಿಂತು ಯಾವನೋ ಗುಂಗುರು ಕೂದಲಿನವನು ತನ್ನ ಹೆಂಡತಿಗೆ ಹಾಡು ಕಲಿಸಿದ. ಗುಂಗುರು ಕೂದಲು ನಾಸಿರನ ಸ್ವಂತ ಸೃಷ್ಟಿ. ಆದರೆ ಒಮ್ಮೆ ಕಂಡ ಮೇಲೆ ಆ ಕೂದಲು ಅವನ ಕಣ್ಣಿನಿಂದ ಹೋಗಲಿಲ್ಲ. ಬಚ್ಚಲಲ್ಲಿ ನಳ್ಳಿ ತಿರುಗಿಸಿದರೂ ನೀರಿನ ಜೊತೆ ಅದೇ ಬರುತ್ತಿತ್ತು.

ಬೋರಿನ ಏಜೆಂಟ್ ಲೋಕಯ್ಯನನ್ನು ಹಿಡಿದು, ಇನ್ನೊಂದು ಬೋರು ಕೊರೆಸಬೇಕಿತ್ತು ಎಂದು ಸುಳ್ಳು ಹೇಳಿ, ಆವತ್ತು ಬಂದ ಲಾರಿ ಈಗ ಎಲ್ಲಿದೆ ಎಂದು ವಿಚಾರಿಸಿದ. ಅದೃಷ್ಟವೋ ಗ್ರಹಚಾರವೋ, ಲಾರಿ ಬೆಳ್ತಂಗಡಿಯ ಹತ್ತಿರ ಲಾಯಿಲದಲ್ಲಿತ್ತು. ನಾಸಿರ್ ಮರುದಿನವೇ ಅಂಗಡಿ ಬಾಗಿಲೆಳೆದು ಹೊರಟ. ದಾರಿಯುದ್ದಕ್ಕೂ ಆಡಬೇಕಾದ ಮಾತುಗಳನ್ನು ಹಲ್ಲು ಕಡಿಯುತ್ತಾ ಅಭ್ಯಾಸ ಮಾಡಿದ.

ಲಾಯಿಲದಲ್ಲಿ ಲಾರಿಯ ನೆರಳಿನಲ್ಲಿ ಕುಳಿತು ಸಾರನ್ನ ಕಲಸುತ್ತಿದ್ದ ಡ್ರೈವರನ ತಲೆಯಲ್ಲಿ ಗುಂಗುರು ಹೋಗಲಿ, ಕೂದಲೇ ಇರಲಿಲ್ಲ. ಹಣೆಯ ತುಂಬ ವಿಭೂತಿ, ಬಾಯಲ್ಲಿ ಎರಡೋ ಮೂರೋ ಹಲ್ಲು. ಲಾರಿಯಲ್ಲಿ ಕೇಳುತ್ತಿದ್ದದ್ದು ದೇವರ ಹಾಡು. ಜಕ್ರಿಬೆಟ್ಟಿನ ಬೋರಿಗೆ ಬೇರೆಯವರು ಯಾರಾದರೂ ಬಂದಿದ್ದರೇ ಎಂದು ಕೇಳಿದರೆ, ಬಂಟ್ವಾಳಕ್ಕೆ ಬಂದಿದ್ದವರು ತಾನು, ತನ್ನ ಅಳಿಯ, ಉಳಿದವರು ಉತ್ತರದ ಕಡೆಯ ಕೂಲಿಯವರು ಎಂದ. ಅಳಿಯ ಲಾರಿಯಡಿಯಲ್ಲಿ ಬಾಯಿ ತೆರೆದು ಮಲಗಿದ್ದ. ಅವನನ್ನು ನೋಡಿದರೆ ಹಾಡು ಬರುವ ಲಕ್ಷಣವೇನೂ ಇರಲಿಲ್ಲ. ನಾಸಿರನಿಗೆ ಬಂದ ದಾರಿಗೆ ಸುಂಕವಿಲ್ಲವೆನಿಸಿತು. ಆದರೂ ಬಂದದ್ದಾಯಿತಲ್ಲ ಎಂದು, ನಾಚಿಕೆ ಬಿಟ್ಟು, ನುಸ್ರತ್ ಹಾಡುವ ಹಾಗೆಯೇ ಆ ಹಾಡನ್ನು ಅರ್ಧದವರೆಗೆ ಹಾಡಿ ತೋರಿಸಿ, ಇದರ ಅರ್ಥವೇನು ಎಂದು ಕೇಳಿದ.

ಮುದುಕ ಕೈಯ ತುತ್ತನ್ನು ಹಾಗೆಯೇ ಹಿಡಿದು ಕೇಳಿದ. ಆಮೇಲೆ ಅವನಿಗೆ ಬರುವ ಮುರುಕು ಕನ್ನಡದಲ್ಲಿ ಹೇಳಿದ ಅರ್ಥ ಇಷ್ಟು: ಒಬ್ಬ ಗಂಡು ಹೆಣ್ಣಿಗೆ ಹೇಳುತ್ತಾನೆ, ನಾನು ನಿನ್ನ ಬಾಗಿಲಲ್ಲೇ ನಿಂತಿದ್ದೇನೆ, ನೀನು ಕದ ತೆಗೆಯುವವರೆಗೆ ಹಾಡುತ್ತಲೇ ಇರುತ್ತೇನೆ. ತುಂಬ ಹಳೆಯ ಪಿಚ್ಚರಿನ ಹಾಡು, ತನ್ನ ಮದುವೆಯ ಕಾಲದ್ದು ಎಂದು ಅವನು ಸಂತೋಷಪಟ್ಟ. ನಾಸಿರನ ಮುಖ ಕಪ್ಪಿಟ್ಟದ್ದು ಅವನಿಗೆ ಕಾಣಲಿಲ್ಲ. ಬಾಗಿಲಲ್ಲೇ ನಿಂತಿದ್ದಾನಂತೆ! ಯಾರ ಮನೆಯ ಬಾಗಿಲು? ಆ ಬಾಗಿಲಿಗೆ ಹಲಸಿನ ಮರದ ಹಲಗೆಯೇ ಆಗಬೇಕೆಂದು ದಮಾಮಿನಿಂದ ಹಟ ಹಿಡಿದವನು ಯಾರು?

ಮುದುಕ ಇನ್ನೊಂದು ಮಾತು ಹೇಳಿದ. ಅದನ್ನು ಹೇಳದೇ ಇದ್ದಿದ್ದರೆ ನಾಸಿರನ ನಿದ್ದೆಯಾದರೂ ಉಳಿಯುತ್ತಿತ್ತು. “ಜಕ್ರಿಬೆಟ್ಟು ಮನೆಯ ಅಮ್ಮ ಒಳ್ಳೆಯವರು. ಆದರೆ ಯಾವಾಗಲೂ ಫೋನ್ ಕಿವಿಗೆ ಇಟ್ಟುಕೊಂಡಿರ್ತಾರೆ. ಮಾತಾಡುವುದೇ ಇಲ್ಲ, ಸುಮ್ಮನೆ ಕೇಳ್ತಾರೆ. ಆಮೇಲೆ ನಮ್ಮ ಹತ್ತಿರ ಬಂದು ನಗ್ತಾ ಮಾತಾಡ್ತಾರೆ.”

ಹಾಗಾದರೆ ಫೋನಿನಲ್ಲಿ. ಯಾವನೋ ಫೋನಿನಲ್ಲಿ ಹಾಡುತ್ತಿದ್ದ, ಇವಳು ಮಾತಿಲ್ಲದೆ ಕೇಳುತ್ತಿದ್ದಳು. ನಾಸಿರ್ ಆ ವಾರ ಒಂದು ಹೀನ ಕೆಲಸವನ್ನೂ ಮಾಡಿದ. ನುಸ್ರತ್ ಸ್ನಾನಕ್ಕೆ ಹೋಗಿದ್ದಾಗ ಅವಳ ಫೋನು ತೆಗೆದು ಒಂದೊಂದೇ ಹೆಸರು ನೋಡಿದ. ತವರಿನವರು, ಗ್ಯಾಸಿನವನು, ಮೀನಿನವಳು, ಮಗಳು ಆಫ್ರಾ, ಆಫ್ರಾಳ ಟೀಚರು. ದಮಾಮಿನಲ್ಲಿದ್ದಾಗಿನ ಅವನದೇ ಸತ್ತುಹೋದ ನಂಬರನ್ನೂ ಅವಳು ಅಳಿಸದೆ ಇಟ್ಟುಕೊಂಡಿದ್ದಳು. ಗಂಡಸರ ಹೆಸರು ಎಂದು ಸಿಕ್ಕಿದ್ದು ಅದೊಂದು, ಗ್ಯಾಸಿನವನದೊಂದು. ಗ್ಯಾಸಿನವನ ಮೇಲೆ ಎರಡು ದಿನ ಕಣ್ಣಿಟ್ಟ. ಅವನು ಸಿಲಿಂಡರು ಇಳಿಸುವಾಗ ಶಿಳ್ಳೆಯನ್ನೂ ಹಾಕಲಿಲ್ಲ.

ಕಳ್ಳ ಸಿಗದಿದ್ದರೆ ಹೋಗಲಿ, ಹಾಡನ್ನಾದರೂ ಹಿಡಿಯಬೇಕೆಂದು ಅವನು ಮತ್ತೆ ಲಾಯಿಲಕ್ಕೆ ಹೋದ. ಅಲ್ಲಿ ಅಬ್ದುಲ್ ಶುಕೂರ್ ಇದ್ದ, ನಾಸಿರನ ಜೊತೆ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತವನು. ಕೊಯಮತ್ತೂರಿನ ಕ್ಯಾಸೆಟ್ ಅಂಗಡಿಯೊಂದರಲ್ಲಿ ಬಹಳ ಕಾಲ ಕೆಲಸ ಮಾಡಿ ಬಂದು, ಈಗ ಮದುವೆಗಳಿಗೆ ಸೌಂಡ್ಸ್, ಕರೋಕೆ ಒದಗಿಸುತ್ತಿದ್ದ. ತಮಿಳು ಹಾಡೆಂದರೆ ಅವನಿಗೆ ಅನ್ನಾಹಾರ ಬೇಡ. ನಾಸಿರ್ ಗುನುಗಿದ ಎರಡನೆಯ ಸಾಲಿಗೇ ಅವನು ತೊಡೆ ತಟ್ಟಿ, ಎದ್ದು, ದೊಡ್ಡ ಸ್ಪೀಕರಿಗೆ ಹಾಡು ಹಾಕಿಬಿಟ್ಟ.

ನಾಸಿರ್ ಮೊದಲ ಬಾರಿಗೆ ಆ ದನಿ ಕೇಳಿದ್ದು ಅಲ್ಲಿ. ಅಲ್ಲಿಯವರೆಗೆ ಅವನಿಗೆ ಸಿಟ್ಟಿದ್ದದ್ದು ಯಾವನೋ ಗುಂಗುರು ಕೂದಲಿನವನ ಮೇಲೆ. ದನಿ ಕೇಳಿದ ಮೇಲೆ ಎದೆಯಲ್ಲಿ ಬೇರೆಯೇ ಉರಿ ಎದ್ದಿತು. ಅಂಥ ದನಿ ಒಬ್ಬ ಗಂಡಸಿಗೆ ಕೊಡುವುದು ದೇವರ ಪಕ್ಷಪಾತವಲ್ಲದೆ ಇನ್ನೇನು? ಬೇಡುತ್ತಿದ್ದರೂ ದೈನ್ಯವಿಲ್ಲ, ಬಾಗಿಲಲ್ಲಿ ನಿಂತಿದ್ದರೂ ಭಿಕ್ಷುಕನಲ್ಲ. ನಾಸಿರ್ ತನ್ನ ದನಿಯನ್ನು ನೆನೆದುಕೊಂಡ. ‘ಎಂಟು ನಂಬರು ಬಿಗಿಯಾಗ್ತದೆ, ಒಂಬತ್ತು ನೋಡುವ’ ಎಂದು ದಿನವಿಡೀ ಹೇಳುವ ದನಿ.

ಈ ಹಾಡುಗಾರ ಸಿನಿಮಾದಲ್ಲಿ ಕಾಣುತ್ತಾನೋ ಎಂದು ಕೇಳಿದ. ಶುಕೂರನಿಗೆ ನಗು ಬಂತು. ತಮಿಳು ಸಿನಿಮಾದ ಹಿನ್ನೆಲೆ ಗಾಯಕರ ಬಗ್ಗೆ ಒಂದು ಭಾಷಣವನ್ನೇ ಕೊಟ್ಟ. ಹಾಡುವವನು ಮದ್ರಾಸಿನ ಸ್ಟುಡಿಯೋದಲ್ಲಿ ಗಾಜಿನ ಗೂಡಿನೊಳಗೆ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಒಬ್ಬನೇ ಹಾಡಿ, ಚಾ ಕುಡಿದು ಮನೆಗೆ ಹೋಗುತ್ತಾನೆ. ಕಥೆ ಅವನಿಗೆ ಗೊತ್ತಿಲ್ಲ, ನಾಯಕಿಯನ್ನು ಅವನು ನೋಡಿಲ್ಲ. ತುಟಿ ಆಡಿಸುವವನು ಬೇರೆ. ನಾಯಕಿ ಕರಗಿ ನೀರಾಗುವುದು ತುಟಿ ಆಡಿಸುವವನಿಗೆ. “ಪಾಪ ಮಾರಾಯ ಹಾಡುವವರು,” ಎಂದ ಶುಕೂರ್. “ಇಡೀ ತಮಿಳುನಾಡಿನ ಹೆಂಗಸರನ್ನು ಒಲಿಸಿದ್ದು ಇವರು, ಒಲಿದದ್ದು ಬೇರೆಯವರಿಗೆ.”

ನಾಸಿರನಿಗೆ ಪಾಪ ಅನ್ನಿಸಲಿಲ್ಲ. ಅವನಿಗೆ ಕೇಳಿದ್ದು ಒಂದೇ ಮಾತು: ಇಡೀ ತಮಿಳುನಾಡಿನ ಹೆಂಗಸರು. ಅವರು ಸಾಲದೆ ಈಗ ಜಕ್ರಿಬೆಟ್ಟಿನ ಒಬ್ಬಳೂ.

ಆವತ್ತೇ ನಿರ್ಧಾರ ಮಾಡಿದ. ಆ ಹಾಡನ್ನು ಪೂರ್ತಿ ಕಲಿಯಬೇಕು. ಅರ್ಧ ಹಾಡಿ ಹೋದವನು ಯಾರೇ ಇರಲಿ, ಉಳಿದರ್ಧವನ್ನು ತಾನು ಹಾಡಬೇಕು, ನುಸ್ರತಳ ಎದುರು. ಆಗ ಅವಳ ಮುಖ ನೋಡಬೇಕು. ಮುಖ ಬಿಳಿಚಿದರೆ ಸಂಗತಿ ಉಂಟು ಎಂದು ಲೆಕ್ಕ. ಬೇರೆಯವರಾಗಿದ್ದರೆ ಹೆಂಡತಿಯನ್ನು ಕೂರಿಸಿಕೊಂಡು ನೇರವಾಗಿ ಕೇಳಿ ಮುಗಿಸುತ್ತಿದ್ದರು. ಆದರೆ ಕೇಳಿದರೆ ಉತ್ತರ ಬರುತ್ತದಲ್ಲ! ನಾಸಿರನಿಗೆ ಭಯವಿದ್ದದ್ದು ಅದರದ್ದೇ. ಅವಳು ಬಾಯಿಬಿಟ್ಟು ಒಂದು ಹೆಸರು ಹೇಳಿಬಿಟ್ಟರೆ, ಇಷ್ಟು ವರ್ಷ ದೂರದಲ್ಲಿ ಕುಳಿತು ಕಾಯ್ದುಕೊಂಡ ಸಂಸಾರ ತನ್ನದಲ್ಲ ಎಂದಾಗುತ್ತದೆ. ಆಮೇಲೆ ಈ ಮನೆ, ಈ ಬಾಗಿಲು, ಈ ಬೋರಿನ ನೀರು ಯಾರಿಗೆ?

ಪ್ರತಿ ಶುಕ್ರವಾರ ಜುಮಾ ನಮಾಜು ಮುಗಿಸಿ ಲಾಯಿಲಕ್ಕೆ ಹೋಗತೊಡಗಿದ. ಶುಕೂರ್ ತಮಿಳಿನ ಪದಗಳನ್ನು ಒಂದೊಂದಾಗಿ ಬಾಯಿಪಾಠ ಮಾಡಿಸಿದ, ಎಲ್ಲಿ ಉಸಿರು ತೆಗೆಯಬೇಕು, ಎಲ್ಲಿ ಬಿಡಬೇಕು ಎಂದು ತೋರಿಸಿಕೊಟ್ಟ. ಮೊದಲ ದಿನಗಳಲ್ಲಿ ನಾಸಿರ್ ಹಾಡಿದರೆ ಪಕ್ಕದ ಮನೆಯ ನಾಯಿ ಎದ್ದು ಬೇರೆ ಕಡೆ ಹೋಗುತ್ತಿತ್ತು. ಆಮೇಲಾಮೇಲೆ ಹೋಗುವುದನ್ನು ಬಿಟ್ಟಿತು. ಹೊಟ್ಟೆಕಿಚ್ಚು ಕಲಿಸುವಷ್ಟು ಚೆನ್ನಾಗಿ ಯಾವ ಮೇಷ್ಟ್ರೂ ಕಲಿಸಲಾರರು. ನಾಲ್ಕೇ ಶುಕ್ರವಾರಗಳಲ್ಲಿ ಹಾಡು ಅವನ ಗಂಟಲಿಗೆ ಇಳಿಯಿತು.

ನೀವು ಪ್ರತಿ ವಾರ ಲಾಯಿಲಕ್ಕೆ ಯಾಕೆ ಹೋಗುತ್ತೀರಿ ಎಂದು ನುಸ್ರತ್ ಒಮ್ಮೆಯೂ ಕೇಳಲಿಲ್ಲ. ಬರುವಾಗ ಅಲ್ಲಿಂದ ಒಳ್ಳೆಯ ಕುಚ್ಚಲಕ್ಕಿ ಸಿಕ್ಕಿದರೆ ತನ್ನಿ ಎಂದಳು. ತನಗೆ ಇಷ್ಟು ಹೊಟ್ಟೆ ಉರಿಯುವಾಗ ಅವಳಿಗೆ ಎಳ್ಳಷ್ಟೂ ಉರಿಯುವುದಿಲ್ಲವಲ್ಲ ಎಂದು ನಾಸಿರನಿಗೆ ಅದೊಂದು ಬೇರೆ ಸಂಕಟ.

ಅವಕಾಶ ತಾನಾಗಿ ಒದಗಿತು. ಮೂಡಬಿದಿರೆಯಲ್ಲಿ ನುಸ್ರತಳ ಚಿಕ್ಕಮ್ಮನ ಮಗನ ಮದುವೆ, ಸೌಂಡ್ಸ್ ಶುಕೂರನದ್ದೇ. ನಿಕಾಹ್ ಆಯಿತು, ಊಟವಾಯಿತು. ಉಸ್ತಾದರು ಕೈ ತೊಳೆದು, ದುವಾ ಹೇಳಿ, ಕಾರು ಹತ್ತಿ, ಕಾರು ರಸ್ತೆಯ ತಿರುವಿನಲ್ಲಿ ಮರೆಯಾದ ಮೇಲೆ ಶುಕೂರ್ ಕರೋಕೆ ಪೆಟ್ಟಿಗೆ ತೆರೆದ. ನಮ್ಮ ಕಡೆಯ ಮದುವೆಗಳಲ್ಲಿ ಮರ್ಯಾದೆಗೂ ಮೋಜಿಗೂ ನಡುವೆ ಒಂದು ಕಾರು ಹೋಗುವಷ್ಟು ಅಂತರವಂತೂ ಇಡುತ್ತಾರೆ.

ಎಳೆಯರು ಹಿಂದಿ ಹಾಡಿದರು, ಯಾರೋ ಮಲಯಾಳದ ಹಾಡು ಹಾಡಿ ಎದೆಯುಬ್ಬಿಸಿ ಇಳಿದರು. ಆಮೇಲೆ ಶುಕೂರ್ ನಾಸಿರನ ಹೆಸರು ಕರೆದ. ಮದುವೆ ಹಾಲ್‌ನಲ್ಲಿ ಒಂದು ಕ್ಷಣ ಎಲ್ಲರೂ ಇವನಾ ಎಂದು ನೋಡಿದರು. ಹೆಂಗಸರ ಕಡೆಗೂ ಗಂಡಸರ ಕಡೆಗೂ ನಡುವೆ ಹಸಿರು ಪರದೆ ಕಟ್ಟಿದ್ದರು. ಪರದೆಯ ತುದಿಯಲ್ಲಿ, ಮಕ್ಕಳಿಗೆ ಐಸ್‌ಕ್ರೀಮು ಹಂಚುತ್ತಾ ನುಸ್ರತ್ ನಿಂತಿದ್ದದ್ದು ವೇದಿಕೆಗೆ ಸರಿಯಾಗಿ ಕಾಣುತ್ತಿತ್ತು. ನಾಸಿರ್ ಆ ಜಾಗವನ್ನು ಮೊದಲೇ ನೋಡಿಟ್ಟುಕೊಂಡಿದ್ದ.

ಹಾಡು ಶುರುವಾಯಿತು. ಮೊದಲ ಸಾಲಿಗೆ ಅವಳು ಥಟ್ಟನೆ ತಲೆಯೆತ್ತಿದಳು. ಕೈಯಲ್ಲಿದ್ದ ಐಸ್‌ಕ್ರೀಮಿನ ತಟ್ಟೆ ಹಾಗೆಯೇ ನಿಂತಿತು. ಆಮೇಲೆ ಅವಳು ಕಣ್ಣು ಮುಚ್ಚಿಕೊಂಡಳು. ನಾಸಿರ್ ಹಾಡುತ್ತಾ ನೋಡಿದ: ಇಷ್ಟು ವರ್ಷದ ಸಂಸಾರದಲ್ಲಿ ಅವಳ ಮುಖದಲ್ಲಿ ಎಂದೂ ಕಾಣದ ಒಂದು ನೆಮ್ಮದಿ. ಯಾರೋ ಹೊರೆ ಇಳಿಸಿಕೊಂಡ ಹಾಗೆ. ಇದು ನನಗಲ್ಲ, ಎಂದುಕೊಂಡ. ಇದು ಅವನಿಗೆ. ಆದರೂ ಬಿಡಲಿಲ್ಲ, ಮುಂದುವರಿಸಿದ.

ಅವಳು ಯಾವಾಗಲೂ ನಿಲ್ಲಿಸುವ ಜಾಗ ಬಂತು. ನಾಸಿರ್ ನಿಲ್ಲಿಸಲಿಲ್ಲ, ದನಿ ಏರಿಸಿ ಉಳಿದರ್ಧಕ್ಕೆ ನುಗ್ಗಿದ. ಈಗ ಮುಖ ಬಿಳಿಚಬೇಕು. ಆದರೆ ನುಸ್ರತ್ ಅದೇ ಕ್ಷಣಕ್ಕೆ ಕಣ್ಣು ಬಿಟ್ಟು, ಹಾಡು ಮುಗಿಯಿತೆಂಬಂತೆ ಪಕ್ಕದವಳ ಕಡೆ ತಿರುಗಿ, ಚಮಚಗಳು ಸಾಲುವುದಿಲ್ಲವೆಂದೋ ಏನೋ ಹೇಳಿ ಒಳಗೆ ಹೋಗಿಬಿಟ್ಟಳು. ನಾಸಿರ್ ರಾಗದ ತುತ್ತತುದಿಯಲ್ಲಿ ಒಬ್ಬನೇ ನಿಂತಿದ್ದ. ಜನ ಚಪ್ಪಾಳೆ ತಟ್ಟಿದರು, ಶುಕೂರ್ ಶಿಳ್ಳೆ ಹಾಕಿದ, ವರನ ತಂದೆ ಬಂದು ಬೆನ್ನು ಚಪ್ಪರಿಸಿದರು. ಒಂದೂ ಅವನಿಗೆ ತಲುಪಲಿಲ್ಲ.

ಸೋತೆ ಎಂದು ಅವನಿಗೆ ಸ್ಪಷ್ಟವಾಯಿತು. ಆ ಅರ್ಧ ಅವಳ ಪಾಲಿಗೆ ಪೂರ್ತಿ. ಉಳಿದರ್ಧವನ್ನು ತಾನು ಹಾಡಿದರೂ ಒಂದೇ, ಗಾಜಿನ ಗೂಡಿನೊಳಗಿನ ಗಾಯಕನೇ ಇಳಿದು ಬಂದು ಹಾಡಿದರೂ ಒಂದೇ.

ಸಂಜೆಗೆ ಮುಂಚೆ ಗಂಡಹೆಂಡತಿ ಇಬ್ಬರೇ ಕಾರಿನಲ್ಲಿ ಹೊರಟರು. ಉಮ್ಮ ಮತ್ತು ಆಫ್ರಾ ಇನ್ನೆರಡು ದಿನ ಮದುಮಗನ ಮನೆಯಲ್ಲೇ ಉಳಿಯುವವರಿದ್ದರು. ಕಾರು ಸಿದ್ಧಕಟ್ಟೆಗೆ ಬಂತು. ಇವತ್ತು ಕೇಳಿಯೇ ಬಿಡುವುದು, ಹೆಸರು ಬಂದರೆ ಬರಲಿ, ಮನೆ ಮುರಿದರೆ ಮುರಿಯಲಿ ಎಂದು ನಾಸಿರ್ ಹಲ್ಲು ಕಚ್ಚಿದ್ದ. ಬೇಕಾದಷ್ಟು ಬೈಗುಳವನ್ನೂ ಕೂಡಿಟ್ಟುಕೊಂಡಿದ್ದ. ಕೊನೆಗೆ ಬಾಯಿಂದ ಹೊರಟದ್ದು ಮಾತ್ರ ಒಂದು ಬಡಪಾಯಿ ಪ್ರಶ್ನೆ.

“ಆ ಹಾಡು ನಿನಗೆ ಎಲ್ಲಿಂದ ಸಿಕ್ಕಿದ್ದು?”

“ಎಲ್ಲಿಂದ ಅಂದ್ರೆ?” ನುಸ್ರತ್ ಅವನ ಕಡೆ ತಿರುಗಿದಳು. “ನೀವು ಕೊಟ್ಟದ್ದೇ ಅಲ್ವಾ?”

ತಮಾಷೆ ಮಾಡುತ್ತಿದ್ದಾಳೆಂದು ಅವನು ರಸ್ತೆಯನ್ನೇ ನೋಡುತ್ತಾ ಕಾರು ಓಡಿಸಿದ. ಅದನ್ನು ಅವಳು ಬೇರೆಯೇ ಅರ್ಥಮಾಡಿಕೊಂಡಳೋ ಏನೋ, ಕಿಟಕಿಯ ಹೊರಗೆ ನೋಡುತ್ತಾ ತಾನಾಗಿಯೇ ಮಾತಾಡತೊಡಗಿದಳು. ದಮಾಮಿಗೆ ಫೋನು ಮಾಡಿದರೆ ರಿಂಗಾಗುವ ಬದಲು ಆ ಹಾಡು ಬರುತ್ತಿತ್ತಲ್ಲ. ನೀವು ಹೇಳಿಕೊಟ್ಟ ಹಾಗೆ ಮೊದಮೊದಲು ಒಂದು ಮಿಸ್ಡ್ ಕಾಲ್ ಕೊಟ್ಟು ಕಟ್ ಮಾಡುತ್ತಿದ್ದೆ, ಕೆಲಸ ಮುಗಿಸಿ ನೀವೇ ಮಾಡುತ್ತಿದ್ದಿರಿ. ಆಮೇಲೆ ಕಟ್ ಮಾಡುವುದನ್ನು ಬಿಟ್ಟೆ, ಅದು ಹಾಡುವಷ್ಟು ಹೊತ್ತು ಕೇಳುತ್ತಿದ್ದೆ ಎಂದಳು. ಆಫ್ರಾಳಿಗೆ ಜ್ವರ ಏರಿದಾಗ ಕೇಳಿದ್ದಳು. ಮನೆಯ ಮೇಸ್ತ್ರಿ ಹೇಳದೆ ಕೇಳದೆ ಕೆಲಸ ಬಿಟ್ಟು ಹೋದಾಗ ಕೇಳಿದ್ದಳು. ಬೋರು ಕೊರೆಯುವವರು ಬರೀ ಧೂಳು ತೆಗೆಯುತ್ತಿದ್ದಾಗ, ನೀರು ಬೀಳದಿದ್ದರೆ ಏನು ಉತ್ತರ ಕೊಡಲಿ ಎಂದು ಕಂಗಾಲಾಗಿ ಕೇಳಿದ್ದಳು.

“ನೆರೆ ಬಂದ ವರ್ಷ ನೆನಪುಂಟಲ್ಲ, ನಾವು ಕೆಳಗಿನ ಪೇಟೆಯ ಬಾಡಿಗೆ ಮನೆಯಲ್ಲಿದ್ದಾಗ. ನೀರು ಜಗಲಿ ಹತ್ತಿ ಒಳಗೆ ಬಂತು. ಉಮ್ಮನನ್ನೂ ಮಗುವನ್ನೂ ಅಟ್ಟಕ್ಕೆ ಹತ್ತಿಸಿ ನಿಮಗೆ ಮಾಡಿದೆ. ನೀವು ಡ್ಯೂಟಿಯಲ್ಲಿ, ಎತ್ತುವುದಿಲ್ಲ ಅಂತ ಗೊತ್ತುಂಟು. ಹಾಡು ಬಂತು. ಅರ್ಧಕ್ಕೆ ನಿಂತು ಮತ್ತೆ ಫೋನ್ ಕಂಪೆನಿಯ ಹೆಂಗಸು ಅರಬಿಯಲ್ಲಿ ಏನೋ ಹೇಳ್ತಾಳಲ್ಲ, ಅಷ್ಟಾಗುವಾಗ ಪುನಃ ಮಾಡಿದೆ. ಬೋಟಿನವರು ಬರುವವರೆಗೆ ಅದನ್ನೇ ಮಾಡ್ತಾ ಕೂತಿದ್ದೆ. ಅದರ ಅರ್ಥ ನನಗೆ ಗೊತ್ತಿಲ್ಲ. ಆದ್ರೆ ಕೇಳುವಾಗ ನೀವು ಇಲ್ಲೇ ಬಾಗಿಲ ಹತ್ತಿರ ಇದ್ದ ಹಾಗೆ ಆಗ್ತಿತ್ತು.”

ತನ್ನ ಫೋನಿನ ಕಾಲರ್ ಟ್ಯೂನು ತನಗೆ ಕೇಳುವ ಉಪಾಯ ಯಾರ ಹತ್ತಿರ ಉಂಟು? ತನ್ನ ನಂಬರಿಗೆ ತಾನೇ ಫೋನು ಮಾಡುವ ಹುಚ್ಚ ಯಾರು? ಅಂಗಡಿಯಲ್ಲಿ ಫೋನು ಮುಟ್ಟಬಾರದೆಂದು ಅರಬಿ ಯಜಮಾನನ ಕಟ್ಟಪ್ಪಣೆ. ಫೋನು ಸದ್ದಿಲ್ಲದೆ ಡ್ರಾಯರಿನಲ್ಲಿ ಬಿದ್ದಿರುತ್ತಿತ್ತು. ಸಂಜೆ ತೆಗೆದು ನೋಡಿದರೆ ಮನೆಯ ಮಿಸ್ಡ್ ಕಾಲುಗಳು. ಇವಳಿಗೆ ಒಂದು ಸಲ ಮಾಡಿದರೆ ಸಾಲದೇ ಎಂದು ಗೊಣಗಿದ್ದೂ ಉಂಟು.

ಅದಕ್ಕಿಂತ ದೊಡ್ಡದು ಇನ್ನೊಂದು ಸಂಗತಿ. ಆ ಸಿಮ್ ಅವನದ್ದಾಗಿರಲಿಲ್ಲ. ದಮಾಮಿಗೆ ಹೋದ ಹೊಸದರಲ್ಲಿ ಅವನ ಕಾಗದಪತ್ರ ಆಗಿರಲಿಲ್ಲ, ಕಾಗದವಿಲ್ಲದೆ ಸಿಮ್ ಕೊಡುತ್ತಿರಲಿಲ್ಲ. ಆಗ ಅದೇ ರೂ‌ಮಿನಲ್ಲಿದ್ದ ತೂತುಕುಡಿಯ ಚೆಲ್ಲದುರೈ ಎಂಬವನು ಕೆಲಸ ಬಿಟ್ಟು ಊರಿಗೆ ಹೊರಟಿದ್ದ. ಇದನ್ನು ಇಟ್ಟುಕೊ ತಂಬಿ ಎಂದು ತನ್ನ ಸಿಮ್ ತೆಗೆದು ನಾಸಿರನ ಕೈಗೆ ಹಾಕಿ ಹೋದ. ಕಪ್ಪು ಮನುಷ್ಯ, ತೊದಲು ಮಾತು, ರಜೆಯ ದಿನ ಎಲ್ಲರಿಗೂ ಮೀನುಸಾರು ಮಾಡಿ ಬಡಿಸುತ್ತಿದ್ದ. ಊರಿನಲ್ಲಿ ಅವನಿಗೂ ಒಬ್ಬಳು ಹೆಂಡತಿ, ಅವಳೂ ದಿನಾ ಮಿಸ್ಡ್ ಕಾಲ್ ಕೊಡುತ್ತಿದ್ದಳು. ಹಾಡು ಅವಳಿಗೆಂದು ಅವನು ಇಟ್ಟದ್ದಿರಬೇಕು. ಆಮೇಲೆ ವರ್ಷಗಟ್ಟಲೆ ಫೋನಿನ ಬ್ಯಾಲೆನ್ಸಿನಿಂದ ಏನೋ ಕಡಿತವಾಗುತ್ತದೆ ಎಂದು ನಾಸಿರ್ ಕಂಪೆನಿಯನ್ನು ಬೈಯುತ್ತಲೇ ಬಂದದ್ದು ಈ ಹಾಡಿನ ಬಾಡಿಗೆಗೆ.

ನುಸ್ರತ್ ಇನ್ನೂ ಮಾತಾಡುತ್ತಿದ್ದಳು. ಬಾಯಿ ಬಿಟ್ಟು ಪ್ರೀತಿಯ ಮಾತು ಹೇಳುವವರು ನೀವಲ್ಲ, ಅದು ನನಗೆ ಮದುವೆಯಾದ ವಾರದಲ್ಲೇ ಗೊತ್ತಾಗಿತ್ತು, ಹೇಳಲಿಕ್ಕೆ ನಾಚಿಕೆಯಾಗಿ ಹಾಡು ಇಟ್ಟಿದ್ದೀರಿ ಎಂದುಕೊಂಡೆ ಎಂದಳು. ಊರಿಗೆ ಬಂದ ಮೇಲೆ ನಿಮ್ಮ ಎದುರು ಅದನ್ನು ಹಾಡುತ್ತಿದ್ದದ್ದು ನಿಮಗೆ ಕೇಳಲಿ ಎಂದೇ. ಕೇಳಿ ನಗಬಹುದು ಎಂದಿದ್ದೆ, ನೀವು ಮುಖ ಹುಳಿ ಮಾಡಿಕೊಳ್ಳುತ್ತಿದ್ದಿರಿ. ಇವತ್ತು ಅಷ್ಟು ಜನರೆದುರು ಹಾಡಿದಿರಲ್ಲ, ಕಣ್ಣು ತುಂಬಿತು, ಅದಕ್ಕೇ ಒಳಗೆ ಹೋದದ್ದು.

ಇಷ್ಟು ಹೇಳಿದ ಮೇಲೂ ಅವನಿಂದ ಒಂದು ಹ್ಞೂಂ ಎಂಬ ಸದ್ದು ಕೂಡ ಬರದಿದ್ದಾಗ ಅವಳ ದನಿ ಸಣ್ಣಗಾಯಿತು.

“ನೀವೇ ಅಲ್ವಾ ಅದನ್ನು ಇಟ್ಟದ್ದು?”

ಎದುರಿನಿಂದ ಕೆಂಪು ಕಲ್ಲಿನ ಲಾರಿಯೊಂದು ಬಂತು. ನಾಸಿರ್ ಕಾರನ್ನು ಬದಿಗಿಳಿಸಿ ನಿಲ್ಲಿಸಿದ. ಲಾರಿ ಹೋಗಿ, ಅದರ ಧೂಳೂ ಹೋಯಿತು. ನಾಸಿರ್ ಗೇರು ಹಾಕಲಿಲ್ಲ. ನಿಜ ಹೇಳಬಹುದು. ಹೇಳಿದರೆ ಅವನೇನೂ ಕಳ್ಳನಲ್ಲ, ಅವನ ತಪ್ಪೇನೂ ಇಲ್ಲ. ಆದರೆ ಅವಳ ಕೈಯಲ್ಲಿ ಉಳಿಯುವುದೇನು? ನೀರು ತುಂಬಿದ ಮನೆ, ಅಟ್ಟದಲ್ಲಿ ಅಳುವ ಮಗು, ಕಿವಿಯಲ್ಲಿ ಯಾರೋ ಯಾರಿಗೋ ಇಟ್ಟ ಹಾಡು. ಅವಳು ತನ್ನ ಮುಖವನ್ನೇ ನೋಡುತ್ತಿದ್ದಾಳೆಂದು ಅವನಿಗೆ ತಿರುಗದೆಯೇ ಗೊತ್ತಾಗುತ್ತಿತ್ತು.

“ನಾನೇ,” ಎಂದ. “ಮತ್ತೆ ಯಾರು ಇಡ್ತಾರೆ?”

ಅವಳು ಉಸಿರು ಬಿಟ್ಟು ಸೀಟಿಗೆ ಒರಗಿದಳು. ಮತ್ತೆ ಮನೆಯಲ್ಲಿ ಮುಖ ಹುಳಿ ಮಾಡುತ್ತಿದ್ದದ್ದು ಯಾಕೆ ಎಂದು ಕೇಳಿದಳು. ನೀನು ರಾಗ ತಪ್ಪಿ ಹಾಡುತ್ತಿ, ಅದಕ್ಕೆ ಎಂದ. ಅವಳು ಅವನ ಭುಜಕ್ಕೆ ಒಂದು ಏಟು ಕೊಟ್ಟು, ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಅಷ್ಟು ಹತ್ತಿರ ಅವಳು ಎಂದೂ ಕುಳಿತದ್ದಿಲ್ಲ.

ನಾಸಿರ್ ಗೆದ್ದಿದ್ದ. ಮನೆ ಅವನದ್ದೇ, ಹೆಂಡತಿ ಅವನವಳೇ, ಹಾಡೂ ಈಗ ಅವನದ್ದೇ. ಆದರೂ ಹೊಟ್ಟೆಯೊಳಗೆ ಉರಿ ಆರಲಿಲ್ಲ, ಹೊಸದಾಗಿ ಹತ್ತಿಕೊಂಡಿತು. ಇಷ್ಟು ದಿನ ಅವನ ಹೊಟ್ಟೆಕಿಚ್ಚಿಗೆ ಮುಖವಿರಲಿಲ್ಲ, ಇದ್ದ ಗುಂಗುರು ಕೂದಲೂ ಸುಳ್ಳು. ಈಗ ಮುಖ, ಹೆಸರು, ಊರು ಎಲ್ಲವೂ ಸಿಕ್ಕಿದವು. ಸಿಕ್ಕಿಯೂ ಯಾರ ಹತ್ತಿರವೂ ಹೇಳುವಂತಿಲ್ಲ. ದೂರದಲ್ಲಿರುವ ಹೆಂಡತಿ ಫೋನು ಮಾಡಿದಾಗ ಬರೀ ಟ್ರಿಂಗ್ ಟ್ರಿಂಗ್ ಕೇಳಬಾರದು, ಅವಳಿಗೊಂದು ಹಾಡಿರಲಿ ಎಂದು ಮೀನುಸಾರು ಮಾಡುತ್ತಿದ್ದ ಆ ತೊದಲು ಮನುಷ್ಯನಿಗೆ ಹೊಳೆದಿತ್ತು. ನಾಸಿರನಿಗೆ ಅಷ್ಟು ವರ್ಷಗಳಲ್ಲಿ ಒಂದು ದಿನವೂ ಹೊಳೆದಿರಲಿಲ್ಲ.

“ಇನ್ನೊಮ್ಮೆ ಹಾಡಿ,” ಎಂದಳು ನುಸ್ರತ್. “ನನಗೆ ಗೊತ್ತಿರುವಷ್ಟೇ ಸಾಕು.”

ಅವನು ಕಾರು ಹೊರಡಿಸಿ ಹಾಡಿದ, ಚೆಲ್ಲದುರೈಯನ್ನು ಮನಸ್ಸಿನಲ್ಲೇ ಶಪಿಸುತ್ತಾ, ಒಂದಕ್ಷರವೂ ತಪ್ಪದಂತೆ.